ಹತ್ತನೇ ಕ್ಲಾಸು ಯಾರಿಗೆ ಕೊಡೋಣ?

ಜೂನ್ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಸಣ್ಣ ಯುದ್ಧ ನಡೆಯುತ್ತದೆ. ಟೈಮ್ ಟೇಬಲ್ ಹಾಕುವ ಯುದ್ಧ. ಊಟದ ನಂತರದ ಪೀರಿಯಡ್ ಯಾರಿಗೂ ಬೇಡ, ಶನಿವಾರದ ಸ್ಪೆಷಲ್ ಕ್ಲಾಸು ಯಾರಿಗೂ ಬೇಡ. ಹತ್ತನೇ ಕ್ಲಾಸು ಮಾತ್ರ ಕೆಲವರಿಗೆ ಬೇಕೇ ಬೇಕು. ಆ ಕೆಲವರಲ್ಲಿ ನಾವೂ ಇದ್ದೇವೆ.

ನಾವು ಅಂದರೆ ಇಬ್ಬರು ಹಳೆಯ ಮೇಷ್ಟ್ರುಗಳು. ಒಬ್ಬರು ಗಣಿತ, ಒಬ್ಬರು ವಿಜ್ಞಾನ. ಒಬ್ಬರು ಬರೆಯುತ್ತಿದ್ದೇವೆ, ಇನ್ನೊಬ್ಬರು ಪಕ್ಕದಲ್ಲಿ ಕೂತು "ಅದನ್ನ ಹಾಗೆ ಬರೀಬೇಡಿ" ಅನ್ನುತ್ತಿದ್ದಾರೆ. ಹೊಸೂರಿನಿಂದ ಸ್ವಲ್ಪ ದೂರದ ಒಂದು ಕನ್ನಡ ಮಾಧ್ಯಮ ಶಾಲೆ ನಮ್ಮದು. ಮಕ್ಕಳ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು. ಗಡಿ ದಾಟಿದರೆ ಅತ್ತಿಬೆಲೆ, ಕರ್ನಾಟಕ. ಆದರೆ ನಮ್ಮ ಪಠ್ಯಪುಸ್ತಕ, ಪರೀಕ್ಷೆ, ಸಂಬಳ ಎಲ್ಲವೂ ತಮಿಳುನಾಡಿನವು.

ಇವತ್ತು ಹೇಳಹೊರಟಿರುವುದು ನಮ್ಮದೇ ಒಂದು ತಪ್ಪಿನ ಕಥೆ, ಅಲ್ಲ, ಎರಡು ತಪ್ಪುಗಳ ಕಥೆ. ಹಳಬರೂ ಹೊಸಬರೂ ಒಟ್ಟಿಗೆ ಕೆಲಸ ಮಾಡುವ ಎಲ್ಲ ಶಾಲೆಗಳಲ್ಲೂ ಇದು ಇರುತ್ತದೆ ಅನ್ನುವ ಧೈರ್ಯದಿಂದ ಬರೆಯುತ್ತಿದ್ದೇವೆ.

ಮೊದಲು ಪೋಷಕರ ವಿಷಯ. ವ್ಯಾಪಾರದವರು ಗಿರಾಕಿಯೇ ದೇವರು ಅಂತ ಬೋರ್ಡು ಹಾಕಿಕೊಳ್ಳುತ್ತಾರಲ್ಲ, ಗಡಿಯಾಚೆಯ ಕನ್ನಡ ಶಾಲೆಗೆ ಆ ಬೋರ್ಡು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ಒಂದು ಮಗು ಟಿಸಿ ತೆಗೆದುಕೊಂಡು ಹೋದರೆ ಹೋಗುವುದು ಬರೀ ಒಂದು ಮಗು ಅಲ್ಲ. ಪ್ರತಿ ವರ್ಷ ಮಕ್ಕಳ ತಲೆ ಎಣಿಸಿ ಶಿಕ್ಷಕರ ಹುದ್ದೆ ಇಡುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕಕ್ಕೆ 30 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕಕ್ಕೆ 35 ಮಕ್ಕಳಿಗೆ ಒಬ್ಬರು ಅನ್ನುತ್ತದೆ. ಮಕ್ಕಳು ಕಡಿಮೆಯಾದರೆ ಹುದ್ದೆ ಕಡಿಮೆ, ಹುದ್ದೆ ಕಡಿಮೆಯಾದರೆ ಪಾಠ ಕಡಿಮೆ, ಪಾಠ ಕಡಿಮೆಯಾದರೆ ಮತ್ತೆ ಮಕ್ಕಳು ಕಡಿಮೆ. ಈ ಚಕ್ರ ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸುವುದು ಕಷ್ಟ.

ಅದರ ಮೇಲೆ ಪೋಷಕರಿಗೆ ಅವರದೇ ಆದ ಭಯಗಳಿವೆ. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳನ್ನು ಕಡ್ಡಾಯ ಮಾಡುತ್ತಾ ಬಂತು. ಆ ಮಕ್ಕಳು ಹತ್ತನೇ ತರಗತಿಗೆ ಬಂದದ್ದು 2015-16ರಲ್ಲಿ. ಆಗಿನಿಂದ ವಿನಾಯಿತಿ ಸಿಗುತ್ತದೋ ಇಲ್ಲವೋ, ಕೋರ್ಟು ಏನು ಹೇಳುತ್ತದೋ ಅಂತ ಅಲ್ಪಸಂಖ್ಯಾತ ಭಾಷೆಯ ಮಕ್ಕಳು ಎಷ್ಟೋ ವರ್ಷ ಪರೀಕ್ಷೆಯ ಬಾಗಿಲವರೆಗೂ ಆತಂಕದಲ್ಲೇ ಹೋದರು. ಇಂಥ ಊರಿನಲ್ಲಿ, ಪಕ್ಕದ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಮನೆ ಮುಂದೆಯೇ ನಿಲ್ಲುವಾಗ, ಒಬ್ಬ ಅಪ್ಪ ಮಗಳನ್ನು ಕನ್ನಡ ಮಾಧ್ಯಮಕ್ಕೆ ಕಳಿಸುತ್ತಾನೆ ಅಂದರೆ ಅದು ದೊಡ್ಡ ನಂಬಿಕೆ. ಹತ್ತನೇ ಕ್ಲಾಸಿನ ರಿಸಲ್ಟು ಆ ನಂಬಿಕೆಗೆ ಕೊಡುವ ರಸೀದಿ ಇದ್ದಂತೆ.

ಆದ್ದರಿಂದ ನಾವು ವರ್ಷಗಟ್ಟಲೆ ಒಂದೇ ಸೂತ್ರ ಇಟ್ಟುಕೊಂಡಿದ್ದೆವು. ಹತ್ತನೇ ಕ್ಲಾಸು ನಮಗೆ, ಉಳಿದದ್ದು ಉಳಿದವರಿಗೆ. ಅತ್ತೆ ಸೊಂಟದಲ್ಲಿ ಉಗ್ರಾಣದ ಬೀಗದ ಕೈ ಸಿಕ್ಕಿಸಿಕೊಂಡ ಹಾಗೆ!

ಮೊದಲನೇ ತಪ್ಪು ಇಲ್ಲೇ ಆಯಿತು. 2011ರಲ್ಲಿ ಒಬ್ಬ ಹುಡುಗಿ ಗಣಿತಕ್ಕೆ ಬಂದಳು. ಪಿಟಿಎ ವತಿಯಿಂದ ತಾತ್ಕಾಲಿಕ ಕೆಲಸ, ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಬಲು ಚುರುಕು. ಆಕೆಗೆ ನಾವು ಆರು ಮತ್ತು ಏಳನೇ ಕ್ಲಾಸು ಕೊಟ್ಟೆವು. ಜೊತೆಗೆ ಸ್ಕಾಲರ್‌ಶಿಪ್ ಅರ್ಜಿ, ಬಸ್ ಪಾಸ್, ಸಮವಸ್ತ್ರದ ಲೆಕ್ಕ, ಮಧ್ಯಾಹ್ನದ ಊಟದ ಮೊಟ್ಟೆ ಎಣಿಕೆ. ಮೂರು ವರ್ಷ ಹೀಗೇ ನಡೆಯಿತು. ಆಕೆ ಒಂದೆರಡು ಸಲ "ಸಾರ್, ಒಂಬತ್ತಕ್ಕೆ ಒಂದು ಪಾಠ ಮಾಡ್ಲಾ?" ಅಂತ ಕೇಳಿದ್ದಳು. "ಮುಂದಿನ ವರ್ಷ ನೋಡೋಣಮ್ಮ" ಅಂದಿದ್ದೆವು. ಪೋಷಕರು ಖುಷಿಯಾಗಿದ್ದರು, ರಿಸಲ್ಟ್ ಚೆನ್ನಾಗಿತ್ತು. ಹಾವೂ ಸತ್ತಿಲ್ಲ ಕೋಲೂ ಮುರಿದಿಲ್ಲ ಅಂತ ನಾವೂ ನೆಮ್ಮದಿಯಾಗಿದ್ದೆವು.

2014ರ ನವೆಂಬರ್‌ನಲ್ಲಿ ನಮ್ಮಲ್ಲಿ ಗಣಿತದವರು ಟಿವಿಎಸ್ ಮೊಪೆಡ್ಡಿನಿಂದ ಬಿದ್ದು ಕಾಲು ಮುರಿದುಕೊಂಡರು. ಎರಡೂವರೆ ತಿಂಗಳು ಮಂಚ. ಹತ್ತನೇ ಕ್ಲಾಸು ರಾತ್ರೋರಾತ್ರಿ ಆಕೆಯ ತಲೆ ಮೇಲೆ ಬಿತ್ತು. ಒಂದು ದಿನವೂ ಆ ತರಗತಿಯಲ್ಲಿ ನಿಂತಿರದ ಹುಡುಗಿ, ಎದುರಿಗೆ ಪಬ್ಲಿಕ್ ಪರೀಕ್ಷೆ. ಮಕ್ಕಳಿಗೆ ಗಾಬರಿ, ಆಕೆಗೆ ಅದಕ್ಕಿಂತ ಹೆಚ್ಚು ಗಾಬರಿ. ಪೋಷಕರು ಬಂದು ಆಕೆಯ ಎದುರಿಗೇ "ಆ ಸಾರ್ ಯಾವಾಗ ಬರ್ತಾರೆ?" ಅಂತ ಕೇಳಿದರಂತೆ. ಆ ವರ್ಷ ಗಣಿತದಲ್ಲಿ ನಾಲ್ಕು ಮಕ್ಕಳು ಹೋದರು. ಶಾಲೆ ಮುಚ್ಚಿದ ಮೇಲೆ ಆಕೆಯೂ ಹೋದಳು, ಬೆಂಗಳೂರಿನ ಒಂದು ಖಾಸಗಿ ಶಾಲೆಗೆ.

"ಈಗಿನ ಹುಡುಗರಿಗೆ ನಿಲ್ಲುವ ಬುದ್ಧಿಯೇ ಇಲ್ಲ" ಅಂತ ನಾವು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡದ್ದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮೂರು ವರ್ಷ ಮೊಟ್ಟೆ ಎಣಿಸಲು ಹಚ್ಚಿ, ನಾಲ್ಕನೇ ವರ್ಷ ಒಂದೇ ದಿನದಲ್ಲಿ ಪಬ್ಲಿಕ್ ಪರೀಕ್ಷೆ ಹೊರಿಸಿದರೆ ಯಾರು ನಿಲ್ಲುತ್ತಾರೆ? ಆಕೆಗೆ ಕಲಿಸಬೇಕಾಗಿದ್ದವರು ನಾವು. ನಾವು ಕಲಿಸದ್ದರ ದಂಡ ಕಟ್ಟಿದವರು ಆ ನಾಲ್ಕು ಮಕ್ಕಳು.

ಇನ್ನು ಎರಡನೇ ತಪ್ಪು. ಇದು 2023ರದು.

ಆ ವರ್ಷ ಮತ್ತೊಬ್ಬ ಹೊಸ ಟೀಚರ್ ಬಂದರು. ತಳಿ ಕಡೆಯ ಹಳ್ಳಿಯವರು. ಏಳನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಎಲ್ಲ ಇಂಗ್ಲಿಷು. ಗಣಿತದಲ್ಲಿ ಪದವಿ, ಮೇಲೆ ಬಿ.ಎಡ್. ಮಕ್ಕಳು ಅವರನ್ನು ಮಿಸ್ ಅನ್ನುತ್ತಾರೆ, ನಾವೂ ಹಾಗೇ ಬರೆಯುತ್ತೇವೆ. ಹಳೆಯ ಪಾಪ ನೆನಪಿತ್ತಲ್ಲ, ಈ ಸಲ ಉದಾರವಾಗಿ ನಡೆದುಕೊಂಡೆವು. ಜೂನ್‌ನಲ್ಲೇ ಹತ್ತನೇ ಕ್ಲಾಸಿನ ಗಣಿತ ಪೂರ್ತಿ ಅವರಿಗೆ ಕೊಟ್ಟು, "ಏನಾದ್ರೂ ಇದ್ರೆ ಕೇಳಿಮ್ಮ" ಅಂತ ಹೇಳಿ ಕೈ ತೊಳೆದುಕೊಂಡೆವು. ಒಳ್ಳೆಯ ಕೆಲಸ ಮಾಡಿದೆವು ಅಂತ ಒಳಗೊಳಗೇ ಬೀಗಿದೆವು ಕೂಡ.

ಹತ್ತನೇ ತರಗತಿಯ ಗಣಿತ ಪತ್ರಿಕೆಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಅಂಕದ 14 ಪ್ರಶ್ನೆ, ಎರಡು ಅಂಕದ 10, ಐದು ಅಂಕದ 10, ಎಂಟು ಅಂಕದ 2. ಒಟ್ಟು ನೂರು. ಪಾಸಾಗಲು 35. ಎಂಟು ಅಂಕದ ಎರಡರಲ್ಲಿ ಒಂದು ಜ್ಯಾಮಿತಿಯ ರಚನೆ, ಇನ್ನೊಂದು ನಕ್ಷೆ. ಕಲಿಕೆಯಲ್ಲಿ ಹಿಂದಿರುವ ಮಗುವಿಗೆ ಈ 16 ಅಂಕವೇ ಊರುಗೋಲು. ಅದು ಕೈಗೆ ಬಂದರೆ ಒಂದಂಕದವು, ಎರಡಂಕದವು ಕೂಡಿಸಿಕೊಂಡು ದಡ ಸೇರಬಹುದು. ಅದಕ್ಕೇ ಪುಸ್ತಕದಲ್ಲಿ ಜ್ಯಾಮಿತಿ ನಾಲ್ಕನೇ ಪಾಠವಾದರೂ ರಚನೆಯನ್ನು ನಮ್ಮಲ್ಲಿ ಜುಲೈಯಲ್ಲೇ ಶುರು ಮಾಡುವ ವಾಡಿಕೆ.

ಮಿಸ್ ಶುರು ಮಾಡಿದರು. ಕೊಟ್ಟ ತ್ರಿಭುಜಕ್ಕೆ ಸಮರೂಪವಾದ ತ್ರಿಭುಜ ರಚಿಸುವುದು. ಸಮರೂಪ ಅಂದರೆ ಆಕಾರ ಒಂದೇ, ಅಳತೆ ಬೇರೆ ಇರಬಹುದು. ಸರ್ವಸಮ ಅಂದರೆ ಆಕಾರವೂ ಒಂದೇ, ಅಳತೆಯೂ ಒಂದೇ. ಇಂಗ್ಲಿಷಿನಲ್ಲಿ ಅವರಿಗೆ ಇದು ಕರತಲಾಮಲಕ. ಆದರೆ ಕನ್ನಡದಲ್ಲಿ ಬಾಯಿಗೆ ಬಂದದ್ದು ಅದಲುಬದಲು. ಎರಡು ವಾರ ಸಮರೂಪ ಅನ್ನಬೇಕಾದಲ್ಲಿ ಸರ್ವಸಮ ಅಂದರು. ಜುಲೈ ಕೊನೆಯ ಟೆಸ್ಟಿನಲ್ಲಿ "ಸಮರೂಪ ತ್ರಿಭುಜಗಳ ಬಾಹುಗಳು ಸಮ" ಅಂತ 14 ಮಕ್ಕಳಲ್ಲಿ 9 ಮಕ್ಕಳು ಬರೆದಿದ್ದರು. 5 ಸೆಂಟಿಮೀಟರ್ ಬಾಹುವಿನ ಐದನೇ ಮೂರು ಭಾಗ 3 ಸೆಂಟಿಮೀಟರ್ ಆಗಬೇಕಾದಲ್ಲಿ ಮತ್ತೆ 5 ಸೆಂಟಿಮೀಟರೇ ಎಳೆದಿದ್ದರು.

ಇದು ಆ ಒಬ್ಬರ ದೋಷ ಅಲ್ಲ. ನಮ್ಮ ಶಾಲೆಗಳಿಗೆ ಬರುವ ಹೊಸ ಗಣಿತ-ವಿಜ್ಞಾನ ಶಿಕ್ಷಕರು ಹೆಚ್ಚಿನವರು ಆ ವಿಷಯವನ್ನು ಕನ್ನಡದಲ್ಲಿ ಓದಿದವರಲ್ಲ. ಸ್ಪರ್ಶಕ, ಛೇದಕ, ಜ್ಯಾ, ಸಮಾಂತರ ಶ್ರೇಢಿ, ಸಂಭವನೀಯತೆ, ಇವೆಲ್ಲ ಅವರಿಗೆ ಹೊಸ ಭಾಷೆ. ಕಾಸರಗೋಡಿನ ಕಥೆ ನಿಮಗೆ ಗೊತ್ತೇ ಇದೆ. ಅಲ್ಲಿ ಕನ್ನಡವೇ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕಿದ್ದಕ್ಕೆ ಮಕ್ಕಳು, ಪೋಷಕರು ಪ್ರತಿಭಟನೆಗೆ ಕೂತರು. 2018ರಲ್ಲಿ ಬಂದ 'ಸರಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಸಿನಿಮಾದಲ್ಲೂ ಅಂಥ ಮೇಷ್ಟ್ರು ಬರುತ್ತಾರೆ, ನೋಡಿ ನಕ್ಕಿದ್ದೇವೆ. ನಮ್ಮ ಮಿಸ್ ಹಾಗಲ್ಲ, ಮನೆಮಾತೇ ಕನ್ನಡ. ಆದರೆ ಮನೆಯ ಕನ್ನಡ ಬೇರೆ, ಗಣಿತದ ಕನ್ನಡ ಬೇರೆ. ಅದನ್ನು ಹೇಳಿಕೊಡುವ ಟ್ರೈನಿಂಗು ಎಲ್ಲೂ ಸಿಗದು. ಸಿಕ್ಕರೆ ನಮ್ಮಂಥ ಹಳಬರ ಬಾಯಲ್ಲಿ ಸಿಗಬೇಕು. ನಾವೋ ಕೈ ತೊಳೆದುಕೊಂಡು ಕೂತಿದ್ದೆವು.

ಆಗಸ್ಟ್ ಮೊದಲ ವಾರ ಒಬ್ಬ ಹುಡುಗಿಯ ಅಪ್ಪ ಬಂದರು. ಎರಡು ಎಕರೆಯಲ್ಲಿ ಗುಲಾಬಿ, ಉಳಿದದ್ದರಲ್ಲಿ ರಾಗಿ ಬೆಳೆಯುವವರು. ಬೆಳಿಗ್ಗೆ ಹೂವು ಮಾರ್ಕೆಟ್ಟಿಗೆ ಹಾಕಿ ಸೀದಾ ಶಾಲೆಗೆ ಬಂದಿದ್ದರು. ಮಗಳ ಪೇಪರು ಮಡಚಿ ಜೇಬಿನಲ್ಲಿಟ್ಟಿದ್ದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತೇನೋ.

"ಮೇಷ್ಟ್ರೇ, ಹೊಸ ಮಿಸ್ ಕಲೀಲಿ, ನಾನು ಬೇಡ ಅನ್ನಲ್ಲ. ಆದ್ರೆ ನನ್ನ ಮಗಳ ಮೇಲೆ ಕಲಿಯೋದು ಬೇಡ. ಅವಳಿಗಿರೋದು ಒಂದೇ ಹತ್ತನೇ ಕ್ಲಾಸು."

ನಮಗೆ ಉತ್ತರ ಹೊಳೆಯಲಿಲ್ಲ. ಮಿಸ್ ಬಾಗಿಲ ಹತ್ತಿರ ಚಾಕ್ ಡಬ್ಬಿ ಹಿಡಿದು ನಿಂತಿದ್ದರು. ಕೇಳಿಸಿಕೊಂಡರು. ಆ ಸಂಜೆ "ಸಾರ್, ಹತ್ತನೇ ಕ್ಲಾಸು ನೀವೇ ತಗೊಳ್ಳಿ" ಅಂದರು.

ತೆಗೆದುಕೊಳ್ಳುವುದು ಸುಲಭವಿತ್ತು. ಅಪ್ಪನಿಗೆ ಸಮಾಧಾನ, ಮಿಸ್‌ಗೂ ನಿರಾಳ, ನಮಗೂ ಮತ್ತೆ ಬೀಗದ ಕೈ. ಆದರೆ ಕಾಲು ಮುರಿದ ವರ್ಷ ಕಣ್ಣೆದುರಿಗಿತ್ತು. ಈ ಸಲ ಇನ್ನೊಂದು ಲೆಕ್ಕವೂ ಇತ್ತು. ನಮ್ಮಿಬ್ಬರದೂ ನಿವೃತ್ತಿ ಹತ್ತಿರ ಬಂದಿತ್ತು. ಇವತ್ತಿನ ಅಪ್ಪನನ್ನು ಖುಷಿಪಡಿಸಲು ಮಿಸ್ಸನ್ನು ಹಿಂದಕ್ಕೆ ಕಳಿಸಿದರೆ, ನಾವು ಹೋದ ಮೇಲೆ ಬರುವ ಅಪ್ಪಂದಿರಿಗೆ ಯಾರು ಉತ್ತರ ಹೇಳುತ್ತಾರೆ? ಅಪ್ಪ ಹೇಳಿದ್ದೂ ನೂರಕ್ಕೆ ನೂರು ನಿಜ, ನಮ್ಮ ಲೆಕ್ಕವೂ ನಿಜ. ಎರಡು ನಿಜಗಳ ನಡುವೆ ಒಂದು ವಾರ ಒದ್ದಾಡಿದೆವು.

ಆ ವಾರವೇ ಶಾಲೆಯ ಗೇಟಿನ ಕೀಲು ಮುರಿಯಿತು. ನಮ್ಮ ಹಳೇ ವಿದ್ಯಾರ್ಥಿಯೊಬ್ಬನ ಲೇತ್ ಅಂಗಡಿ ಸಿಪ್‌ಕಾಟ್ ಕಡೆ ಇದೆ, ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಜಾಬ್ ವರ್ಕ್. ಕೀಲಿನ ಪಿನ್ನು ಮಾಡಿಸಲು ಹೋಗಿದ್ದೆವು. ಅಲ್ಲಿ ಹದಿನೆಂಟು ಹತ್ತೊಂಬತ್ತರ ಇಬ್ಬರು ಹುಡುಗರು ಮೆಷಿನ್ ಮುಂದೆ ನಿಂತಿದ್ದರು. "ಇವರು ತಪ್ಪು ಮಾಡಿದ್ರೆ ಕಂಪನಿಯವರು ಸುಮ್ನಿರ್ತಾರಾ?" ಅಂತ ಕೇಳಿದೆವು.

ಅವನು ನಕ್ಕ. "ಸಾರ್, ತೆಗೆದ ಕಬ್ಬಿಣ ವಾಪಸ್ ಬರಲ್ಲ. ಅದಕ್ಕೇ ಹೊಸಬನಿಗೆ ಮೊದ್ಲು ಸ್ಕ್ರ್ಯಾಪ್ ಕಂಬಿ. ಆಮೇಲೆ ರಫ್ ಟರ್ನಿಂಗ್, ಅಂದ್ರೆ ಅಳತೆಗಿಂತ ಸ್ವಲ್ಪ ದಪ್ಪವೇ ಬಿಡ್ತಾನೆ. ಮೆಟೀರಿಯಲ್ ಉಳಿದಿರೋವರೆಗೂ ತಪ್ಪು ಸರಿ ಮಾಡಬಹುದು. ಫಿನಿಷಿಂಗ್ ನಾನು ಪಕ್ಕದಲ್ಲಿ ನಿಂತು ಮಾಡಿಸ್ತೀನಿ. ಅವನು ಹೊಸ ಪೀಸ್ ಶುರು ಮಾಡಿದ್ರೆ ಮೊದಲನೇದು ನನ್ನ ಹತ್ರ ಚೆಕಿಂಗಿಗೆ ಬರ್ಬೇಕು, ಆಮೇಲೆ ಉಳಿದ ತೊಂಬತ್ತೊಂಬತ್ತು."

"ಫಿನಿಷಿಂಗ್ ಯಾವಾಗ್ಲೂ ನೀನೇ ಮಾಡಿದ್ರೆ ಆಗಲ್ವಾ?"

"ಆಗುತ್ತೆ ಸಾರ್. ಆದ್ರೆ ನಾನು ತಿರುಪತಿಗೆ ಹೋದ ದಿನ ಅಂಗಡಿ ಮುಚ್ಚಬೇಕು."

"ಪೀಸ್ ಹಾಳಾದ್ರೆ?"

"ಅದರ ದುಡ್ಡು ನನ್ನದು ಸಾರ್. ಕಂಪನಿಗೆ ಹಾಳು ಪೀಸ್ ಕಳಿಸೋಕಾಗುತ್ತಾ? ಹುಡುಗನ ಸಂಬಳದಲ್ಲಿ ಹಿಡಿಯೋಕಾಗುತ್ತಾ?"

ನಮ್ಮ ಹತ್ತಿರ ಗಣಿತದಲ್ಲಿ ಸದಾ ಪಾಸಾಗಲು ತಿಣುಕಾಡಿದ ಹುಡುಗ ಅವನು! ನಮ್ಮ ಲೆಕ್ಕವನ್ನು ಐದು ನಿಮಿಷದಲ್ಲಿ ಬಿಡಿಸಿಕೊಟ್ಟ. ಕಲಿಕೆಗೆ ಒಂದು ಖರ್ಚಿದೆ. ಅದನ್ನು ಯಾರೋ ಒಬ್ಬರು ಕೊಡಲೇಬೇಕು. ಗಿರಾಕಿ ಕೊಡಬಾರದು, ಕಲಿಯುವವನೊಬ್ಬನೇ ಕೊಡಲಾರ. ಕೊಡಬೇಕಾದವನು ಮಧ್ಯದಲ್ಲಿ ನಿಂತ ಹಿರಿಯ.

ನಮ್ಮ ಹೊಸೂರೇ ಹಾಗೆ ಬೆಳೆದ ಊರು. 1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮವೂ ಸೇರಿ ಟೈಟಾನ್ ಕಂಪನಿ ಕಟ್ಟಿದರು, ಆಮೇಲೆ ಇಲ್ಲಿ ವಾಚ್ ಕಾರ್ಖಾನೆ ತೆರೆದರು. ಆಗ ಕೆಲಸಕ್ಕೆ ತೆಗೆದುಕೊಂಡದ್ದು ಹೆಚ್ಚಾಗಿ ಹಳ್ಳಿಗಳಿಂದ, ಸಣ್ಣ ಊರುಗಳಿಂದ ಬಂದ, ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು. ಮನೆ ಬಿಟ್ಟು ಬಂದ ಮಕ್ಕಳು ಅಂತ ಅವರನ್ನು ನೋಡಿಕೊಳ್ಳಲು ಸಾಕು ತಂದೆತಾಯಿಯರನ್ನೇ ಇಟ್ಟಿದ್ದರು. ವಾಚು ಕೊಳ್ಳುವವನಿಗೆ ಜೋಡಿಸಿದವರ ವಯಸ್ಸು ಬೇಕಿಲ್ಲ, ಮುಳ್ಳು ಸರಿಯಾಗಿ ಓಡಬೇಕು ಅಷ್ಟೆ. ಎರಡನ್ನೂ ಸಂಭಾಳಿಸಿದ್ದಕ್ಕೇ ಆ ಕಾರ್ಖಾನೆ ನಿಂತಿತು. ಅಲ್ಲಿ ಆಗುವುದು ನಮ್ಮ ಸ್ಟಾಫ್ ರೂಮಿನಲ್ಲಿ ಯಾಕೆ ಆಗಬಾರದು ಅನ್ನಿಸಿತು.

ಸೋಮವಾರ ಮಿಸ್ ಜೊತೆ ಕೂತು ಒಂದು ವ್ಯವಸ್ಥೆ ಮಾಡಿಕೊಂಡೆವು. ಬೇರೆ ಶಾಲೆಯವರಿಗೆ ಉಪಯೋಗವಾದೀತು ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಒಂದು, ಹತ್ತನೇ ಕ್ಲಾಸು ಮಿಸ್ ಹತ್ತಿರವೇ ಇರುತ್ತದೆ. ಆದರೆ ಪ್ರತಿ ಹೊಸ ಪಾಠದ ಹಿಂದಿನ ಸಂಜೆ ಅರ್ಧ ಗಂಟೆ ನಾವಿಬ್ಬರೂ ಅವರೂ ಕೂರಬೇಕು. ಲೆಕ್ಕ ಮಾಡಲು ಅಲ್ಲ, ಅದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಪಾಠದ ಕನ್ನಡ ಪದಗಳನ್ನು ಬಾಯಿಬಿಟ್ಟು ಹೇಳಿ ನೋಡಲು. ನಮ್ಮ ಹತ್ತಿರ ಇಪ್ಪತ್ತು ವರ್ಷದಿಂದ ಬರೆದಿಟ್ಟ ಪದಗಳ ಒಂದು ಹಳೇ ನೋಟ್‌ಬುಕ್ ಇತ್ತು. ಯಾವ ಪದಕ್ಕೆ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದೂ ಅದರಲ್ಲಿತ್ತು. ಅದನ್ನು ಯಾರಿಗೂ ತೋರಿಸಿರಲಿಲ್ಲ. ಯಾಕೆ ತೋರಿಸಿರಲಿಲ್ಲ ಅಂತ ಕೇಳಬೇಡಿ.

ಎರಡು, ಲೇತ್ ಅಂಗಡಿಯ 'ಮೊದಲ ಪೀಸ್'. ಹೊಸ ವಿಷಯ ಶುರುವಾದ ದಿನ ಸಂಜೆ ಐದು ನೋಟ್‌ಬುಕ್ ತರಿಸುವುದು. ಚುರುಕಿನವರದು ಎರಡು, ಸಾಧಾರಣದವರದು ಎರಡು, ಹಿಂದಿರುವವರದು ಒಂದು. ತಪ್ಪು ಹೋಗಿದ್ದರೆ ಅದೇ ದಿನ ಗೊತ್ತಾಗುತ್ತದೆ. ಜುಲೈಯಲ್ಲಿ ಹೀಗೆ ಮಾಡಿದ್ದರೆ ಸಮರೂಪದ ತಪ್ಪು ಎರಡು ವಾರ ಬದುಕುತ್ತಿರಲಿಲ್ಲ, ಒಂದೇ ಸಂಜೆಗೆ ಸಾಯುತ್ತಿತ್ತು.

ಮೂರು, ವಾರಕ್ಕೊಂದು ಪೀರಿಯಡ್ ನಮ್ಮಲ್ಲೊಬ್ಬರು ಹಿಂದಿನ ಬೆಂಚಿನಲ್ಲಿ ಕೂರುವುದು, ಬಾಯಿ ಬಿಡದೆ. ಇದು ನಮಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ದಿನವೇ ಗಣಿತದವರು ತಡೆಯಲಾರದೆ "ಅಲ್ಲಮ್ಮ..." ಅಂದುಬಿಟ್ಟರು. ಹದಿನಾಲ್ಕು ತಲೆ ಹಿಂದಕ್ಕೆ ತಿರುಗಿದವು. ಮಿಸ್ ಮುಖ ಸಣ್ಣದಾಯಿತು. ಜಪಾನಿನ ಶಾಲೆಗಳಲ್ಲಿ ಒಬ್ಬರು ಪಾಠ ಮಾಡಿದರೆ ಉಳಿದ ಶಿಕ್ಷಕರು ಕೂತು ನೋಡಿ, ಆಮೇಲೆ ಆ ಶಿಕ್ಷಕರ ಬಗ್ಗೆ ಅಲ್ಲ, ಆ ಪಾಠದ ಬಗ್ಗೆ ಚರ್ಚೆ ಮಾಡುವ ಪದ್ಧತಿ ಬಹಳ ಕಾಲದಿಂದ ಇದೆಯಂತೆ. ಓದಿದ್ದೆವು, ಬಾಯಿಗೆ ಬೀಗ ಹಾಕಲು ಮಾತ್ರ ಕಲಿತಿರಲಿಲ್ಲ. ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ತಪ್ಪು ಕಂಡರೆ ಚೀಟಿಯಲ್ಲಿ ಬರೆಯುವುದು, ಮರುದಿನ ಮಿಸ್ಸೇ "ನಿನ್ನೆ ನಾನು ಹೇಳಿದ್ದರಲ್ಲಿ ಒಂದು ತಪ್ಪಿತ್ತು, ತಿದ್ದಿಕೊಳ್ಳಿ" ಅಂತ ಶುರು ಮಾಡುವುದು. ಮಕ್ಕಳು ಅವರನ್ನು ಹಗುರವಾಗಿ ನೋಡುತ್ತಾರೆ ಅಂತ ಹೆದರಿದ್ದೆವು. ಹಾಗೇನೂ ಆಗಲಿಲ್ಲ. ತಪ್ಪು ಒಪ್ಪಿಕೊಳ್ಳುವ ಟೀಚರ್ ಹತ್ತಿರ ತಮ್ಮ ತಪ್ಪು ಹೇಳಿಕೊಳ್ಳಲು ಮಕ್ಕಳಿಗೂ ಧೈರ್ಯ ಬಂತು.

ನಾಲ್ಕು, ಖರ್ಚು ನಮ್ಮದು. ಟೆಸ್ಟಿನಲ್ಲಿ 35ರ ಕೆಳಗೆ ಬಂದ ಮಕ್ಕಳನ್ನು ನಾವು ಬೆಳಿಗ್ಗೆ ಎಂಟೂವರೆಗೆ ಕೂರಿಸಿಕೊಳ್ಳುವುದು. ನಮ್ಮ ಬೆಳಗಿನ ವಾಕಿಂಗು, ಪೇಪರು, ಎರಡನೇ ಕಾಫಿ ಹೋಯಿತು. ಹೋಗಲಿ. ಗುಲಾಬಿ ಬೆಳೆಯುವ ಅಪ್ಪನ ಮಾತಿಗೆ ನಮಗೆ ಸಿಕ್ಕ ಉತ್ತರ ಅದೊಂದೇ.

ಐದು, ಪೋಷಕರಿಗೆ ಮುಚ್ಚುಮರೆ ಇಲ್ಲದೆ ಹೇಳುವುದು. ಆಗಸ್ಟ್ ಕೊನೆಯಲ್ಲಿ ಸಭೆ ಕರೆದೆವು. "ಹೊಸ ಮಿಸ್ ಪಾಠ ಮಾಡ್ತಾರೆ. ಜುಲೈಯಲ್ಲಿ ಒಂದು ತಪ್ಪಾಯ್ತು, ಅದು ಅವರದಲ್ಲ, ಅವರನ್ನ ಒಬ್ಬರೇ ಬಿಟ್ಟ ನಮ್ಮದು. ಇನ್ಮೇಲೆ ಹಿಂದೆ ನಾವಿರ್ತೀವಿ. ನಿಮ್ಮ ಮಗು ಹಿಂದೆ ಬಿದ್ರೆ ನಮ್ಮನ್ನ ಕೇಳಿ" ಅಂದೆವು. ಒಂದಿಬ್ಬರು ಗೊಣಗಿದರು. ಒಬ್ಬರು ಮಗನ ಟಿಸಿ ತೆಗೆದುಕೊಂಡು ಹೋಗುತ್ತೇನೆ ಅಂದವರು ಕೊನೆಗೆ ತೆಗೆದುಕೊಳ್ಳಲಿಲ್ಲ. ಗುಲಾಬಿಯ ಅಪ್ಪ ಏನೂ ಹೇಳದೆ ಎದ್ದು ಹೋದರು.

ಸೆಪ್ಟೆಂಬರಿನ ಪರೀಕ್ಷೆ ಪರವಾಗಿಲ್ಲ ಅನ್ನುವಂತಾಯಿತು. ಡಿಸೆಂಬರಿನದು ಇನ್ನೂ ಸ್ವಲ್ಪ ಚೆನ್ನಾಯಿತು. ಎಲ್ಲ ಸರಿಯಾಯಿತು ಅಂದುಕೊಳ್ಳುವಷ್ಟರಲ್ಲಿ ನಾವು ಮತ್ತೆ ಎಡವಿದೆವು. ಜನವರಿಯಲ್ಲಿ ರಿವಿಷನ್ ಶುರುವಾಯಿತು. ಪಬ್ಲಿಕ್ ಪರೀಕ್ಷೆ ಹತ್ತಿರ ಬರುತ್ತಿದೆ ಅನ್ನುವಾಗ ಹಳೇ ಭಯ ಎದ್ದಿತು. "ಮಿಸ್, ರಿವಿಷನ್ ನಾವೇ ಮಾಡ್ತೀವಿ, ನಮಗೆ ಪೇಪರಿನ ಅಂದಾಜು ಇದೆ" ಅಂತ ಕ್ಲಾಸು ಕಿತ್ತುಕೊಂಡೆವು. ಅವರು ಏನೂ ಅನ್ನಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತರು.

ಒಂದು ವಾರ ಕಳೆಯಿತು. ನಾವು ಬೋರ್ಡಿನ ಮೇಲೆ ವರ್ಗ ಸಮೀಕರಣದ ನಕ್ಷೆ ಬರೆಯುತ್ತಿದ್ದರೆ ಮಕ್ಕಳು ಮತ್ತೆ ಮತ್ತೆ ಹಿಂದಕ್ಕೆ ತಿರುಗುತ್ತಿದ್ದರು. ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಮಿಸ್ ಇದನ್ನ ಮೊದ್ಲು ಟೇಬಲ್ ಹಾಕಿಸಿ, ಆಮೇಲೆ ಗ್ರಾಫ್ ಶೀಟಲ್ಲಿ ಸ್ಕೇಲ್ ಬರೆಸ್ತಾರೆ. ಸ್ಕೇಲ್ ಮರೆಯಲ್ಲ" ಅಂದಳು. ನೋಡಿದರೆ ನಾವೇ ಸ್ಕೇಲ್ ಬರೆದಿರಲಿಲ್ಲ. ಮಾತಾಡಿದವಳು ಗುಲಾಬಿಯ ಅಪ್ಪನ ಮಗಳು.

ಫಿನಿಷಿಂಗನ್ನು ಯಾವತ್ತೂ ಕೊಡದಿದ್ದರೆ ಅಂಗಡಿ ಮುಚ್ಚಬೇಕು ಅಂದ ಲೇತಿನ ಹುಡುಗನ ಮಾತು ಆಗ ಸರಿಯಾಗಿ ಅರ್ಥವಾಯಿತು. ಚಾಕ್‌ಪೀಸ್ ಮಿಸ್ ಕೈಗೆ ಕೊಟ್ಟು ಹಿಂದಿನ ಬೆಂಚಿಗೆ ಬಂದು ಕೂತೆವು. ಮಾರ್ಚ್ ಮುಗಿಯುವವರೆಗೂ ಅಲ್ಲೇ ಇದ್ದೆವು. ಚಂದ್ರಚೂಡೇಶ್ವರ ಸ್ವಾಮಿಯ ತೇರಿನ ದಿನವೂ ಮಿಸ್ ಬೆಳಿಗ್ಗೆ ಎರಡು ಗಂಟೆ ಮಕ್ಕಳನ್ನು ಕೂರಿಸಿಕೊಂಡು ಆಮೇಲೆ ತೇರಿಗೆ ಕಳಿಸಿದರು.

2024ರ ಮೇ ತಿಂಗಳಲ್ಲಿ ರಿಸಲ್ಟ್ ಬಂತು. 14ರಲ್ಲಿ 13 ಮಕ್ಕಳು ಗಣಿತದಲ್ಲಿ ಪಾಸು. ಗುಲಾಬಿಯ ಅಪ್ಪನ ಮಗಳಿಗೆ 71. ಅಪ್ಪ ಒಂದು ಬುಟ್ಟಿ ಹೂವು ತಂದು ಮಿಸ್ ಮೇಜಿನ ಮೇಲಿಟ್ಟರು, ನಮ್ಮ ಮೇಜಿನ ಮೇಲಲ್ಲ. ಸ್ವಲ್ಪ ಹೊಟ್ಟೆ ಉರಿಯಿತು ಅಂತ ಒಪ್ಪಿಕೊಳ್ಳುತ್ತೇವೆ.

ಆದರೆ ಒಬ್ಬ ಹುಡುಗ ಹೋದ. 31 ಅಂಕ. ಬೆಳಿಗ್ಗೆ ಎಂಟೂವರೆಗೆ ಒಂದು ದಿನವೂ ತಪ್ಪಿಸದೆ ಬರುತ್ತಿದ್ದವನು. ಜುಲೈಯ ಮರುಪರೀಕ್ಷೆಯಲ್ಲಿ ಪಾಸಾಗಿ ಈಗ ಐಟಿಐ ಓದುತ್ತಿದ್ದಾನೆ, ಅದು ಬೇರೆ. ಜೂನ್‌ನಿಂದ ನಾವೇ ಪಾಠ ಮಾಡಿದ್ದರೆ ಅವನು ಮೊದಲೇ ಪಾಸಾಗುತ್ತಿದ್ದನಾ? ನಮ್ಮ ಕಾಲದಲ್ಲೂ ಒಬ್ಬಿಬ್ಬರು ಹೋಗುತ್ತಿದ್ದರು ಅಂತ ಹೇಳಿಕೊಳ್ಳಬಹುದು. ಹೇಳಿಕೊಂಡರೂ ಆ ಜುಲೈಯ ಎರಡು ವಾರ ನೆನಪಿಗೆ ಬರುತ್ತದೆ. ಅವನ ನಾಲ್ಕು ಅಂಕ ಆ ಎರಡು ವಾರದಲ್ಲಿ ಇತ್ತೋ ಏನೋ. ಈ ಪ್ರಶ್ನೆಯನ್ನು ನಾವು ಮಿಸ್ ಹತ್ತಿರ ಎತ್ತಿಲ್ಲ. ಅದು ನಮ್ಮ ಹತ್ತಿರವೇ ಇರಲಿ. ಖರ್ಚು ನಮ್ಮದು ಅಂದ ಮೇಲೆ ಇದೂ ನಮ್ಮ ಲೆಕ್ಕಕ್ಕೇ ಸೇರಬೇಕು.

ಮಿಸ್ ಇನ್ನೂ ನಮ್ಮಲ್ಲೇ ಇದ್ದಾರೆ. ಹಳೇ ನೋಟ್‌ಬುಕ್ ಈಗ ಅವರ ಹತ್ತಿರವಿದೆ, ಅದರಲ್ಲಿ ಅವರ ಕೈಬರಹದ ಪುಟಗಳು ನಮ್ಮವಕ್ಕಿಂತ ಚೆನ್ನಾಗಿವೆ. ಅವರು ಪಾಠ ಮಾಡುವ ರೀತಿ ನಮ್ಮ ಹಾಗಿಲ್ಲ. ಮೊದಮೊದಲು ಇರುಸುಮುರುಸಾಗುತ್ತಿತ್ತು. ಕಿರಿಯರು ನಮಗೆ ಸರ್ವಸಮ ಆಗಬೇಕಾಗಿಲ್ಲ, ಸಮರೂಪ ಆದರೆ ಸಾಕು ಅಂತ ಒಂದು ದಿನ ತಮಾಷೆ ಮಾಡಿದೆವು. "ಸಾರ್, ಆ ಪದ ಮಾತ್ರ ಮತ್ತೆ ಎತ್ತಬೇಡಿ" ಅಂತ ಮಿಸ್ ಜೋರಾಗಿ ನಕ್ಕರು.

ಹೊಸಬರಿಗೆ ಕೆಲಸ ಕೊಡದೇ ಇರುವುದೂ ತಪ್ಪು, ಕೊಟ್ಟು ಬಿಟ್ಟುಬಿಡುವುದೂ ತಪ್ಪು. ಕೊಟ್ಟು ಹಿಂದೆ ನಿಲ್ಲಬೇಕು, ಅದನ್ನು ಪೋಷಕರಿಗೆ ಬಾಯಿಬಿಟ್ಟು ಹೇಳಬೇಕು. ಇಷ್ಟನ್ನು ಕಲಿಯಲು ನಮಗೆ ಹತ್ತು ವರ್ಷ, ಐದು ಮಕ್ಕಳ ಫೇಲು ಮತ್ತು ಒಂದು ಗೇಟಿನ ಕೀಲು ಬೇಕಾಯಿತು.

ತಾಳವಾಡಿಯವರೇ, ಕಾಸರಗೋಡಿನವರೇ, ಅಕ್ಕಲಕೋಟೆ ಜತ್ತ ಕಡೆಯವರೇ, ನಿಮ್ಮ ಶಾಲೆಯಲ್ಲಿ ಹತ್ತನೇ ಕ್ಲಾಸು ಯಾರ ಹತ್ತಿರ ಇದೆ? ಹೊಸಬರಿಗೆ ಹೇಗೆ ಬಿಟ್ಟುಕೊಡುತ್ತೀರಿ? ನಮಗಿಂತ ಒಳ್ಳೆಯ ದಾರಿ ಇದ್ದರೆ ದಯವಿಟ್ಟು ತಿಳಿಸಿ. ಬರುವ ಜೂನ್‌ಗೆ ವಿಜ್ಞಾನಕ್ಕೆ ಇನ್ನೊಬ್ಬ ಹೊಸ ಹುಡುಗ ಬರುತ್ತಾನಂತೆ. ನಮ್ಮಲ್ಲಿ ವಿಜ್ಞಾನದವರು ಈಗಲೇ ಲ್ಯಾಬಿನ ಬೀಗದ ಕೈ ಎಲ್ಲಿಡೋಣ ಅಂತ ಯೋಚನೆ ಮಾಡುತ್ತಿದ್ದಾರೆ. ಪಕ್ಕದಲ್ಲಿ ಕೂತು "ಇದನ್ನ ಬರೀಬೇಡಿ" ಅನ್ನುತ್ತಿದ್ದಾರೆ. ಬರೆದಾಯಿತು!